ಟ್ಯಾಂಕಿನ ತಳದ ನಾಲ್ಕು ತೂತುಗಳು

ನನ್ನ ಮೇಜಿನ ಮೇಲೆ ಒಂದು ಯುದ್ಧ ಟ್ಯಾಂಕ್ ಇದೆ. ಪ್ಲಾಸ್ಟಿಕ್ಕಿನದು, ನಾನೇ ಜೋಡಿಸಿದ್ದು, ನಿಜವಾದುದಕ್ಕಿಂತ ಮೂವತ್ತೈದು ಪಟ್ಟು ಚಿಕ್ಕದು. ಫಿರಂಗಿಯ ನಳಿಗೆ ಬಿಟ್ಟರೆ ಒಂದು ಗೇಣಿಗಿಂತ ತುಸು ಕಡಿಮೆ ಉದ್ದ. ಬಂದವರು ಅದನ್ನು ನೋಡಿ ಸಾಮಾನ್ಯವಾಗಿ ‘ತಮ್ಮನದಾ?’ ಎಂದು ಕೇಳುತ್ತಾರೆ. ನನಗೆ ತಮ್ಮನಿಲ್ಲ. ನನ್ನದೇ ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೆ ಉದ್ದನೆಯ ಉತ್ತರ ಬೇಕಾಗುತ್ತದೆ. ಹಾಗಾಗಿ ನಕ್ಕು, ಚಹಾ ತರಲು ಒಳಗೆ ಹೋಗುತ್ತೇನೆ.

ಈ ಹವ್ಯಾಸ ಹತ್ತಿದ್ದು ಧಾರವಾಡದ ಹಾಸ್ಟೆಲಿನಲ್ಲಿ, ಎಂ.ಎಸ್ಸಿ. ಗಣಿತದ ಮೊದಲ ವರ್ಷದಲ್ಲಿ. ನಮ್ಮ ಕೋಣೆಯಲ್ಲಿ ಮಾತು ಹೆಚ್ಚಿತ್ತು. ಮಾತಾಡದೆ ಕೂರುವುದಕ್ಕೆ ನನಗೆ ಕೈಯಲ್ಲೊಂದು ಕೆಲಸ ಬೇಕಿತ್ತು. ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತರಿಸಿಕೊಂಡೆ. ಯಾವ ಟ್ಯಾಂಕ್ ಎಂದು ನೋಡಿಯೇ ಆರಿಸಿದ್ದೆ. ಅದೇ ಮಾದರಿಯ ನಿಜವಾದ ಟ್ಯಾಂಕೊಂದು ಆಗ ಕಾರವಾರದ ಪುಟ್ಟ ಸಂಗ್ರಹಾಲಯವೊಂದರ ಅಂಗಳದಲ್ಲಿ ನಿಂತಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದಕ್ಕೆ ಬಣ್ಣ ಹೊಡೆಯುತ್ತಿದ್ದವನು ನನ್ನ ಅಪ್ಪ.

ನಮ್ಮ ಮನೆ ಅಂಕೋಲೆಯ ಹಟ್ಟಿಕೇರಿಯಲ್ಲಿ. ಸ್ವಲ್ಪ ಗದ್ದೆ, ಉಳಿದಂತೆ ಕೂಲಿ. ಅಪ್ಪನ ಕೂಲಿ ದೋಣಿಗಳದ್ದು. ಮರದ ದೋಣಿಯ ಹಲಗೆಗಳ ಸಂದಿಗೆ ಹತ್ತಿಯ ಬತ್ತಿ ತುರುಕಿ, ಉಳಿಯಿಂದ ಬಡಿದು ಕೂರಿಸಿ, ಮೇಲೆ ರಾಳ ಮತ್ತು ಎಣ್ಣೆ ಕಲಸಿದ ಮೇಣ ತುಂಬಿ, ಹೆಬ್ಬೆರಳಿನ ಒಂದೇ ಎಳೆತಕ್ಕೆ ನಯ ಮಾಡುವುದು. ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಸುತ್ತಿಗೆಯ ಪೆಟ್ಟಿಗೆ ಸೀಳಿ ಹಾಗೇ ಬೆಳೆದಿತ್ತು. ಹಾಗಾಗಿ ಅವನು ನಯ ಮಾಡಿದ ಮೇಣದ ನಡುವೆ ಕೂದಲೆಳೆಯಂಥ ಒಂದು ಗೆರೆ ಉಳಿಯುತ್ತಿತ್ತು. ನಮ್ಮ ಮನೆಯಲ್ಲಿ ಆ ಗೆರೆ ಎಲ್ಲೆಲ್ಲೂ ಇತ್ತು: ಒಡೆದ ಬಕೆಟ್ಟಿನ ತಳದಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ನನ್ನ ಹೈಸ್ಕೂಲಿನ ಕಂಪಾಸ್ ಪೆಟ್ಟಿಗೆಯ ಮೂಲೆಯಲ್ಲಿ.

ಅವನು ಮುಚ್ಚಿದ ಸಂದಿಯಲ್ಲಿ ನೀರು ಬರುವುದಿಲ್ಲ ಎಂದು ಬೇಲೆಕೇರಿಯವರೂ ಹೇಳುತ್ತಿದ್ದರು. ಆದರೆ ನಾನು ಕಾಲೇಜಿಗೆ ಬರುವ ಹೊತ್ತಿಗೆ ಫೈಬರ್ ದೋಣಿಗಳು ಬಂದವು. ಫೈಬರಿಗೆ ಸಂದಿಯೇ ಇಲ್ಲ. ಮರದ ದೋಣಿಗಳು ಒಂದೊಂದಾಗಿ ದಡ ಹತ್ತಿ ಮಗುಚಿಕೊಂಡವು. ಅಪ್ಪ ಗಾರೆ ಕೆಲಸ, ಬೇಲಿ ಕೆಲಸ, ಸಿಕ್ಕಿದ್ದು ಮಾಡತೊಡಗಿದ. ಅಂಥ ಹೊತ್ತಿಗೆ ಸಿಕ್ಕಿದ್ದು ಟ್ಯಾಂಕಿಗೆ ಬಣ್ಣ ಹೊಡೆಯುವ ಕೆಲಸ. ವರ್ಷಕ್ಕೆ ನಾಲ್ಕೈದು ದಿನದ್ದು, ಮೇಲೆ ದಸರೆಯಲ್ಲಿ ಆಯುಧಪೂಜೆಗೆ ಅದನ್ನು ತೊಳೆಯುವುದು ಒಂದು ದಿನ. ಆದರೂ ಅಪ್ಪ ಅದನ್ನು ‘ನಮ್ಮ ಟ್ಯಾಂಕು’ ಎನ್ನುತ್ತಿದ್ದ. ಬಸ್ಸಿನಲ್ಲಿ ಪಕ್ಕ ಕೂತವರು ಕಾರವಾರಕ್ಕೆ ಹೊರಟಿದ್ದೇವೆ ಎಂದರೆ ಸಾಕು, ‘ನಮ್ಮ ಟ್ಯಾಂಕು ನೋಡೀರಾ?’ ಎಂದು ಶುರು ಮಾಡುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಆ ವರ್ಷ ದಸರೆ ರಜೆಗೆ ಬಂದಾಗ ಅರ್ಧ ಜೋಡಿಸಿದ ಮಾದರಿಯನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದೆ. ಪೆಟ್ಟಿಗೆಯವರು ಕೊಟ್ಟ ಭಾಗಗಳು ನಯವಾಗಿದ್ದವು, ಅತಿ ನಯವಾಗಿದ್ದವು. ಎರಕದ ಉಕ್ಕು ಹಾಗಿರುವುದಿಲ್ಲ ಎಂದು ಓದಿದ್ದೆ. ಬೆಸುಗೆಯ ಉಬ್ಬು ಎಷ್ಟು ಅಗಲ, ಬೋಲ್ಟಿನ ತಲೆ ಎಷ್ಟು ಎತ್ತರ, ಇಂಜಿನ್ ಮೇಲಿನ ಜಾಲರಿಯ ಕಣ್ಣು ಎಷ್ಟು ದೊಡ್ಡದು, ಇವನ್ನೆಲ್ಲ ನಿಜವಾದ ಟ್ಯಾಂಕಿನಲ್ಲೇ ಅಳೆದು ನೋಡಬೇಕಿತ್ತು. ಸ್ಟೀಲ್ ಸ್ಕೇಲ್, ನೋಟ್ ಬುಕ್, ಪೆನ್ಸಿಲ್ ತೆಗೆದುಕೊಂಡೆ. ಆಯಿ, ಎಂದರೆ ಅಮ್ಮ, ಚಪಾತಿಗೆ ನಾದಿದ್ದ ಹಿಟ್ಟಿನಿಂದ ಒಂದು ಉಂಡೆ ಕೇಳಿದೆ. ಬೋಲ್ಟಿನ ತಲೆಗೆ ಒತ್ತಿದರೆ ಅಚ್ಚು ಸಿಗುತ್ತದೆ.

“ಓದೂದು ಎಂ.ಎಸ್ಸಿ., ಆಡೂದು ಹಿಟ್ಟಿನಲ್ಲಿ,” ಎಂದಳು ಆಯಿ. ಆದರೂ ಒಣಗದಂತೆ ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟಳು.

ಹಟ್ಟಿಕೇರಿಯಿಂದ ಕಾರವಾರಕ್ಕೆ ಹೋಗುವ ಬಸ್ಸು ಅರ್ಗಾ ದಾಟಿ ಹೋಗುತ್ತದೆ. ನೌಕಾನೆಲೆಯ ಗೋಡೆ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಫೋಟೊ ತೆಗೆಯಬಾರದು ಎಂಬ ಫಲಕಗಳನ್ನು ಓದುತ್ತಲೇ ನಾನು ಅಕ್ಷರ ಕಲಿತವಳು. ಅದಕ್ಕೋ ಏನೋ, ಸಂಗ್ರಹಾಲಯದಲ್ಲಿ ಯಾರೂ ಬೇಡ ಎನ್ನದಿದ್ದರೂ ನನಗೆ ಟ್ಯಾಂಕಿನ ಫೋಟೊ ತೆಗೆಯಲು ಕೈ ಬರಲಿಲ್ಲ. ಅಳೆದು, ಬರೆದುಕೊಂಡೆ. ಈಗ ಅನಿಸುತ್ತದೆ, ಫೋಟೊ ತೆಗೆದಿದ್ದರೆ ತಳ ನೋಡುತ್ತಲೇ ಇರಲಿಲ್ಲ.

ಅಲ್ಲಿನ ಕಾವಲುಗಾರ ಸುಂಕಸಾಳದ ಕಡೆಯವನು, ಅಪ್ಪನಿಗಿಂತ ಸ್ವಲ್ಪ ಚಿಕ್ಕವನು. ನಾನು ಯಾರ ಮಗಳೆಂದು ಗೊತ್ತಿದ್ದರಿಂದ ಸ್ಟೂಲು ಕೊಟ್ಟ. ನಾನು ಬೋಲ್ಟಿಗೆ ಹಿಟ್ಟು ಒತ್ತುವುದನ್ನು ನೋಡಿ ಬೀಡಿ ತೆಗೆಯುವುದನ್ನೂ ಮರೆತ.

“ತಂಗೀ, ಎಂತಾ ಇದು? ಟ್ಯಾಂಕಿಗೆ ಚಪಾತಿ ತಿನ್ನಿಸ್ತ್ಯಾ?”

“ಅಳತೆ ತಗೊಳ್ತಿದ್ದೇನೆ.”

“ಅಂಗಿ ಹೊಲ್ಸೂಕಾ?”

ನಾನು ಮುಂದಿನ ಬೋಲ್ಟಿಗೆ ಹಿಟ್ಟು ಒತ್ತಿದೆ.

ಅಳತೆಯ ಕೆಲಸ ಎಣಿಸಿದಷ್ಟು ಸುಲಭವಿರಲಿಲ್ಲ. ಅಪ್ಪ ವರ್ಷ ವರ್ಷ ಬಳಿದ ಬಣ್ಣ ಪದರ ಪದರವಾಗಿ ಕೂತಿತ್ತು. ಬೋಲ್ಟಿನ ಆರು ಮೂಲೆ ಎಲ್ಲ ಕಡೆ ದುಂಡಾಗಿದ್ದವು. ಮೇಲಿನ ಮುಚ್ಚಳಗಳ ಸುತ್ತ ಇರಬೇಕಾದ ಸಂದಿ ಎಲ್ಲೂ ಇಲ್ಲ. ಅಲ್ಲೆಲ್ಲ ಮೇಣ, ಮೇಣದ ನಡುವೆ ಆ ಕೂದಲೆಳೆಯ ಗೆರೆ. ಚಕ್ರಗಳ ಹಿಂದೆ ಬಗ್ಗಿ ನೋಡಿದರೆ ಟ್ಯಾಂಕಿನ ಪಕ್ಕದುದ್ದಕ್ಕೂ ಸೂತ್ರ ಹಿಡಿದು ಎಳೆದಂತೆ ಒಂದು ನೇರ ಗೆರೆ. ಅದರ ಮೇಲೆ ಹಸಿರು, ಕೆಳಗೆ ಕೆಂಪು. ದೋಣಿ ನೀರಿಗಿಳಿದರೆ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಎಳೆಯುವ ಗೆರೆ ಅದು. ಟ್ಯಾಂಕ್ ನೀರಿಗಿಳಿದರೆ ಎಲ್ಲಿಯವರೆಗೆ ಮುಳುಗುತ್ತದೆ ಎಂದು ಅಪ್ಪ ಅಂದಾಜು ಮಾಡಿದ್ದ. ಒಬ್ಬಳೇ ನಕ್ಕೆ.

ಟ್ಯಾಂಕನ್ನು ಎರಡು ಸಿಮೆಂಟ್ ಕಟ್ಟೆಗಳ ಮೇಲೆ ನಿಲ್ಲಿಸಿದ್ದರು. ನಡುವೆ ಒಬ್ಬರು ಮಲಗಿ ತೂರುವಷ್ಟು ಜಾಗವಿತ್ತು. ದುಪಟ್ಟಾ ಸೊಂಟಕ್ಕೆ ಕಟ್ಟಿ ಒಳಗೆ ಹೋದೆ. ನಕ್ಷೆಯ ಪ್ರಕಾರ ತಳದಲ್ಲಿ ನಾಲ್ಕು ದುಂಡನೆಯ ತೂತುಗಳಿರಬೇಕು. ಸೇನೆಯಲ್ಲಿದ್ದಾಗ ಅವಕ್ಕೆ ತಿರುಗಿಸುವ ಮುಚ್ಚಳ ಇರುತ್ತದೆ. ಬಯಲಿನಲ್ಲಿ ಪ್ರದರ್ಶನಕ್ಕೆ ನಿಲ್ಲಿಸುವಾಗ ಆ ಮುಚ್ಚಳ ತೆಗೆದುಬಿಡುತ್ತಾರೆ, ಒಳಗೆ ಹೋದ ಮಳೆನೀರು ಇಳಿದು ಹೋಗಲೆಂದು. ನಾಲ್ಕರ ಜಾಗವೂ ಸಿಕ್ಕಿತು. ನಾಲ್ಕೂ ಮುಚ್ಚಿದ್ದವು. ಹತ್ತಿ, ಮೇಣ, ಕೆಂಪು ಬಣ್ಣ. ಬೆರಳಾಡಿಸಿದೆ. ನಾಲ್ಕರಲ್ಲೂ ಅಪ್ಪನ ಉಗುರು.

ಮುಷ್ಟಿ ಕಟ್ಟಿ ತಳಕ್ಕೆ ಬಡಿದೆ. ಪೊಳ್ಳು ಕಬ್ಬಿಣದ ಸದ್ದು ಬರಲಿಲ್ಲ. ತುಂಬಿದ ಹಂಡೆಯ ಸದ್ದು ಬಂತು. ಮೂಲೆಯ ಬೆಸುಗೆಯೊಂದರಿಂದ ತುಕ್ಕಿನ ಹನಿ ಜಾರಿ ನನ್ನ ತೋಳಿನ ಮೇಲೆ ಬಿತ್ತು. ಇಂಜಿನ್ ಮೇಲಿನ ಜಾಲರಿಯನ್ನು ಮುಚ್ಚಬಾರದು ಎಂದು ಸಂಗ್ರಹಾಲಯದವರು ಮೊದಲೇ ಹೇಳಿದ್ದರಂತೆ, ನೋಡುವವರಿಗೆ ಅದು ಕಾಣಬೇಕು ಎಂದು. ನಮ್ಮ ಕರಾವಳಿಯ ಮಳೆ ಅದರೊಳಗೆ ನಾಲ್ಕು ತಿಂಗಳು ಸುರಿದಿತ್ತು. ಇಳಿಯಲು ದಾರಿಯಿರಲಿಲ್ಲ. ಹೀಗೆ ಎಷ್ಟು ಮಳೆಗಾಲ ಆಗಿತ್ತೋ.

ಹೊರಗೆ ಬಂದಾಗ ಕಾವಲುಗಾರ ನನ್ನ ತೋಳಿನ ಕಲೆ ನೋಡಿದ.

“ಹ್ಞಾಂ, ಅದು ತೊಟ್ಟಿಕ್ತಾನೇ ಅದೆ. ಹಬ್ಬ ಕಳೆದ ಮೇಲೆ ಮೇಲಿನ ಆಫೀಸಿನ ಸಾಹೇಬ್ರು ನೋಡೂಕೆ ಬರ್ತಾರಂತೆ. ತಳ ಹೋಗಿದ್ರೆ ಗುಜರಿಗೆ ಅಂದ್ರು.” ಆಮೇಲೆ ದನಿ ತಗ್ಗಿಸಿ, “ನಿನ್ನ ಅಪ್ಪಂಗೆ ಹೇಳಬೇಡ ಮಾರಾಯ್ತಿ. ಅಣ್ಣಂಗೆ ಇದಂದ್ರೆ ಜೀವ,” ಎಂದ.

ಅವನಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಬ್ಬಕ್ಕೆ ಆರು ದಿನವಿತ್ತು. ತೂತು ತೆರೆದು ನೀರಿಳಿಸಿದರೆ ತಳ ಉಳಿದೀತು, ಸಾಹೇಬರು ಬರುವಾಗ ಒಣಗಿಯಾದರೂ ಇದ್ದೀತು. ಆದರೆ ತೆರೆಯಬೇಕಾದರೆ ಅಪ್ಪನಿಗೆ ಹೇಳಬೇಕು. ಅವನ ಕೈಯಲ್ಲಿ ಉಳಿದಿದ್ದ ಒಂದೇ ಒಂದು ದೋಣಿ ಕೆಲಸ ಅದು, ಅದನ್ನೇ ನೀನು ಕೆಡಿಸಿದೆ ಎಂದು ಹೇಳಬೇಕು. ಹೇಳದಿದ್ದರೆ ಟ್ಯಾಂಕೇ ಹೋಗುತ್ತದೆ, ಕಾರಣ ಅವನಿಗೆ ಎಂದೂ ಗೊತ್ತಾಗುವುದಿಲ್ಲ. ನಾನು ಎರಡನ್ನೂ ತೂಗುತ್ತ ಮೂರು ದಿನ ಕಳೆದೆ. ಮಾತಿನಲ್ಲಿ ನಾನು ಯಾವತ್ತೂ ಚುರುಕಿನವಳಲ್ಲ. ಊಟಕ್ಕೆ ಕೂತಾಗ ‘ಅಪ್ಪಾ’ ಎನ್ನುವವರೆಗೆ ಬಂದು, ‘ಮಜ್ಜಿಗೆ ಬೇಕಾ’ ಎಂದು ಮುಗಿಸುತ್ತಿದ್ದೆ.

ಆ ಮೂರೂ ದಿನ ಹಗಲೆಲ್ಲ ಜಗುಲಿಯಲ್ಲಿ ಕೂತು ಮಾದರಿಯ ಕೆಲಸ ಮಾಡಿದೆ. ಪ್ಲಾಸ್ಟಿಕ್ ಕರಗಿಸುವ ಅಂಟನ್ನು ಬಳಿದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚುಚ್ಚಿ ಚುಚ್ಚಿ ಎರಕದ ಒರಟುತನ ತಂದೆ. ಹಿಟ್ಟಿನ ಅಚ್ಚು ಒಣಗಿ ಬಿರಿದಿತ್ತು, ಆದರೂ ಅಳತೆ ಸಿಕ್ಕಿತು. ತಳಕ್ಕೆ ಬಂದಾಗ ನಿಂತೆ. ಮಾದರಿಯ ತಳವನ್ನು ಯಾರೂ ನೋಡುವುದಿಲ್ಲ. ಪೆಟ್ಟಿಗೆಯವರು ಕೂಡ ಅಲ್ಲಿ ನಾಲ್ಕು ದುಂಡು ಗೆರೆ ಮಾತ್ರ ಮೂಡಿಸಿ ಬಿಟ್ಟಿದ್ದರು. ನಾನು ಸಣ್ಣ ಬೈರಿಗೆ ತೆಗೆದುಕೊಂಡು ನಾಲ್ಕನ್ನೂ ಕೊರೆದೆ. ಒಂದೊಂದು ಮೂರು ಮಿಲಿಮೀಟರ್. ಕೊರೆಯುವಾಗ ಏನು ಎಣಿಸಿದ್ದೆನೋ ನೆನಪಿಲ್ಲ. ಅಪ್ಪನಿಗೆ ತೋರಿಸಬೇಕೆಂದು ಕೊರೆದೆ ಎಂದರೆ ಈಗ ಕಟ್ಟಿದ ಮಾತಾದೀತು.

ಸಂಜೆ ಅಪ್ಪ ಕೆಲಸದಿಂದ ಬಂದು, ಕಾಲು ತೊಳೆದು, ನನ್ನ ಪಕ್ಕ ಕೂತ. ಮಾದರಿಯನ್ನು ಕೈಗೆತ್ತಿಕೊಂಡ. ಎಲ್ಲರೂ ಮೊದಲು ಫಿರಂಗಿ ಮುಟ್ಟಿ ನೋಡುತ್ತಾರೆ. ಅಪ್ಪ ಅದನ್ನು ಅಂಗೈಯಲ್ಲಿ ಮಗುಚಿ ಹಾಕಿದ. ದೋಣಿ ನೋಡುವವರು ನೋಡುವುದೇ ಹಾಗೆ, ಮೊದಲು ತಳ.

“ಇದೆಂತಾ ತಂಗೀ, ನಾಕು ತೂತು?”

“ನೀರಿಗೆ.”

“ಒಳಗೆ ಬರೂಕಾ?”

“ಹೊರಗೆ ಹೋಗೂಕೆ.”

ಅಪ್ಪ ಮಾದರಿಯನ್ನು ಕಣ್ಣಿನ ಹತ್ತಿರ ತಂದು ಒಂದೊಂದೇ ತೂತಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದ. ಹೆಬ್ಬೆರಳಿನಡಿ ತೂತು ಪೂರ್ತಿ ಮರೆಯಾಗುತ್ತಿತ್ತು.

“ದೊಡ್ಡದ್ರಲ್ಲೂ ಅದೆಯಾ ಇದು?”

“ಅದೆ.”

“ನಾ ಮುಚ್ಚಿದ್ದೆ.”

“ಹೌದು.”

“ನಾಕೂ?”

“ನಾಕೂ ಅಪ್ಪಾ. ಒಳಗೆ ನೀರು ತುಂಬಿದೆ.”

ಅಕ್ಕಿ ಆರಿಸುತ್ತ ಬಾಗಿಲಲ್ಲಿ ಕೂತಿದ್ದ ಆಯಿ ತಲೆ ಎತ್ತಲಿಲ್ಲ. “ತೂತು ಕಂಡ್ರೆ ಇವ್ರಿಗೆ ಕೈ ತಡೆಯೂದಿಲ್ಲ. ಮದ್ವೆ ಆದ ವರ್ಷ ನನ್ನ ಇಡ್ಲಿ ತಟ್ಟೆ ತೂತನ್ನೂ ಮೇಣ ಹಾಕಿ ಮುಚ್ಚಿದ್ರು. ‘ನಿನ್ನ ತವರಿನವ್ರು ತೂತು ತಟ್ಟೆ ಕೊಟ್ಟಾರೆ’ ಅಂತ ನಂಗೇ ಬೈದಿದ್ರು.”

ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಮಾದರಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋಗಿ, ಅಟ್ಟದಿಂದ ಉಳಿಯ ಚೀಲ ಇಳಿಸಿದ. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಪಕ್ಕದಲ್ಲಿ ಕೂತವರು ಕಾರವಾರಕ್ಕೇ ಹೊರಟಿದ್ದರು, ಎಲ್ಲಿಗೆ ಎಂದು ಅವರೇ ಕೇಳಿದರು. ಅಪ್ಪ “ಸ್ವಲ್ಪ ಕೆಲಸ ಇತ್ತು,” ಎಂದಷ್ಟೇ ಹೇಳಿದ. ಅವನು ಟ್ಯಾಂಕಿನ ಮಾತೆತ್ತದೆ ಅರ್ಗಾದ ಗೋಡೆ ದಾಟಿದ್ದು ಅದೊಂದೇ ಸಲ. ಹಿಂದೆ ನಾಚಿಕೆಯಾಗುತ್ತಿದ್ದ ಮಾತು ಆವತ್ತು ಬಂದರೆ ಸಾಕು ಎಂದು ಕಾಯುತ್ತ ಕೂತಿದ್ದೆ.

“ಅಣ್ಣಾ, ಹಬ್ಬ ನಾಡಿದ್ದಲ್ದಾ? ಇವತ್ತೇ ಬಂದ್ಯಲ್ಲ,” ಎಂದ ಕಾವಲುಗಾರ.

“ಹಬ್ಬಕ್ಕಲ್ಲ ಮಾರಾಯಾ. ಬಾಲ್ದಿ ಅದೆಯಾ?”

ಅಪ್ಪ ಅಂಗಿ ಬಿಚ್ಚಿಟ್ಟು ಕಟ್ಟೆಗಳ ನಡುವೆ ಅಂಗಾತ ಮಲಗಿ ಜಾರಿಕೊಂಡ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೇಳಿದ ಉಳಿ ಕೊಡುತ್ತಿದ್ದೆ. ತಾನೇ ಬಡಿದು ಕೂರಿಸಿದ್ದನ್ನು ಕೀಳುವುದು ಅವನಿಗೆ ಹೊಸದು. ಮೊದಲ ತೂತಿಗೆ ಬಹಳ ಹೊತ್ತು ಹಿಡಿಯಿತು. ಹತ್ತಿ ಉದ್ದಕ್ಕೆ ಎಳೆದು ಬಂತು, ಅದರ ಹಿಂದೆಯೇ ನೀರು. ಗಟ್ಟಿ ಚಹಾದ ಬಣ್ಣದ್ದು, ಹಳೆಯ ಕಬ್ಬಿಣದ ವಾಸನೆಯದ್ದು. ಅಪ್ಪ ಮುಖ ಹೊರಳಿಸುವಷ್ಟರಲ್ಲಿ ಎದೆಯೆಲ್ಲ ಕೆಂಪಾಯಿತು. ಬಾಲ್ದಿ ತುಂಬಿತು, ಖಾಲಿ ಮಾಡಿದೆವು, ಮತ್ತೆ ತುಂಬಿತು. ಆಮೇಲೆ ಬಾಲ್ದಿ ಬಿಟ್ಟು ನೋಡುತ್ತ ನಿಂತೆವು. ನೀರು ಅಂಗಳ ದಾಟಿ ಚರಂಡಿಯ ಕಡೆ ಹರಿಯಿತು. ಅದರ ಜೊತೆ ಒಂದು ಸಣ್ಣ ಕಪ್ಪೆಯೂ ಬಂತು.

“ಇನ್ನೆರಡು ವರ್ಷ ಬಿಟ್ಟಿದ್ರೆ ಮೀನೂ ಸಿಗ್ತಿತ್ತಲ್ಲೋ ಅಣ್ಣಾ,” ಎಂದ ಕಾವಲುಗಾರ.

ಅಪ್ಪ ಟ್ಯಾಂಕಿನಡಿಯಿಂದಲೇ ಮಾತಾಡಿದ. ಅವನ ಮುಖ ನನಗೆ ಕಾಣುತ್ತಿರಲಿಲ್ಲ.

“ದೋಣಿ ಆದ್ರೆ ಒಳಗೆ ನೀರು ಬಂದ್ರೂ ಮೊಗೆದು ಹಾಕೂಕೆ ಜನ ಇರ್ತಾರೆ. ಇದ್ರಲ್ಲಿ ಯಾರಿದ್ರು? ಅದು ನನ್ನ ತಲೆಗೇ ಹೋಗ್ಲಿಲ್ಲ ನೋಡು.”

ಎರಡನೆಯದು, ಮೂರನೆಯದು ಬೇಗ ಬಂದವು. ನಾಲ್ಕನೆಯದು, ಎಡಗಡೆ ಹಿಂದಿನದು, ಬರಲಿಲ್ಲ. ಉಳಿ ಜಾರಿತು. ಸುತ್ತಿಗೆಯ ಸದ್ದಿಗೆ ಎರಡು ಸಲ ಜನ ಬಂದು ನೋಡಿ ಹೋದರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಹೊರಗೆ ಬಂದು ಕೈ ಕೊಡವಿದ.

“ಅದು ಬರೂದಿಲ್ಲ. ಕೂತು ಹೋಗಿದೆ.”

ಇಡೀ ದಿನದಲ್ಲಿ ಮೊದಲ ಸಲ ಅವನ ದನಿ ಸ್ವಲ್ಪ ಏರಿತ್ತು. ಮೂರು ತೂತು ಸಾಕು, ನೀರು ನಿಲ್ಲುವುದಿಲ್ಲ ಎಂದು ನಾನೂ ಲೆಕ್ಕ ಹಾಕಿ ಹೇಳಿದೆ. ಲೆಕ್ಕದ ಅಗತ್ಯವೇನೂ ಇರಲಿಲ್ಲ.

ಸಾಹೇಬರು ಬರುವ ದಿನವನ್ನು ಕಾವಲುಗಾರನಿಂದ ಕೇಳಿಕೊಂಡು, ಅಂದು ಅಪ್ಪ ಯಾರೂ ಕರೆಯದೆ ಮತ್ತೆ ಹೋದ. ನಾನು ಅಷ್ಟರಲ್ಲಿ ಧಾರವಾಡಕ್ಕೆ ಹೊರಟಿದ್ದೆ. ನಡೆದದ್ದನ್ನು ಕಾವಲುಗಾರ ಮುಂದಿನ ರಜೆಯಲ್ಲಿ ಅಪ್ಪನ ದನಿಯಲ್ಲೇ ಮಾಡಿ ತೋರಿಸಿದ. “ಸಾಹೇಬ್ರೇ, ಮುಚ್ಚಿದ್ದು ನಾನು. ತಪ್ಪು ನಂದೇ. ಇವಂದಲ್ಲ.” ಸಾಹೇಬರು ಟಾರ್ಚ್ ಹಿಡಿದು ತಳ ನೋಡಿದರಂತೆ. ಕೋಲಿನಿಂದ ಬಡಿದರಂತೆ. ಒಂದು ಮೂಲೆಗೆ ತಗಡು ಬೆಸುಗೆ ಹಾಕಿಸಿದರೆ ತಳ ಉಳಿಯುತ್ತದೆ ಎಂದರಂತೆ. ಹೊರಡುವಾಗ ನಾಲ್ಕನೆಯ ತೂತಿನ ಮೇಲೆ ಬೆರಳಾಡಿಸಿ, “ಇದನ್ನು ಯಾವುದರಿಂದ ಮುಚ್ಚಿದ್ದೀರಿ?” ಎಂದು ಕೇಳಿದರಂತೆ. ಅಪ್ಪ ಹತ್ತಿ, ರಾಳ, ಎಣ್ಣೆ ಎಂದು ಅಳತೆ ಸಮೇತ ಹೇಳತೊಡಗಿದಾಗ ಜೀಪು ಕಾಯುತ್ತಾ ನಿಂತಿತ್ತಂತೆ.

ಅದಾದ ಮೇಲೆ ಇನ್ನೂ ಎರಡು ವರ್ಷ ಅಪ್ಪನೇ ಬಣ್ಣ ಹೊಡೆದ. ಪ್ರತಿ ಸಲ ಮೊದಲು ಒಂದು ಕಡ್ಡಿ ಹಿಡಿದು ಮೂರೂ ತೂತಿಗೆ ಹಾಕಿ ನೋಡುತ್ತಿದ್ದ. ಕೆಂಪು ಹಸಿರಿನ ನಡುವಿನ ಗೆರೆಯನ್ನು ಮಾತ್ರ ಬಿಡಲಿಲ್ಲ. ಕೇಳಿದರೆ, “ಚಂದ ಕಾಣ್ತದೆ,” ಎಂದ. ಆಮೇಲೆ ಟ್ಯಾಂಕನ್ನು ದೊಡ್ಡ ಲಾರಿಯೊಂದರಲ್ಲಿ ಹೇರಿ ಬೇರೆ ಊರಿಗೆ ಒಯ್ದರು. ಎಲ್ಲಿಗೆ ಎಂದು ಸರಿಯಾಗಿ ಗೊತ್ತಾಗಲಿಲ್ಲ. ಸಿಮೆಂಟ್ ಕಟ್ಟೆಗಳು ಬಹಳ ದಿನ ಹಾಗೇ ಇದ್ದವು, ನಡುವೆ ತುಕ್ಕಿನ ಒಂದು ಕಲೆ. ಈಗ ಅಪ್ಪನಿಗೆ ಮಂಡಿ ನೋವು. ಬಣ್ಣದ ಕೆಲಸಕ್ಕೆ ಹೋಗುವುದಿಲ್ಲ. ಬಸ್ಸಿನಲ್ಲಿ ಮಾತ್ರ ಹಾಗೇ ಇದ್ದಾನೆ. “ಮೊದ್ಲು ಇಲ್ಲಿ ನಮ್ಮದೊಂದು ಟ್ಯಾಂಕು ಇತ್ತು,” ಎಂದು ಶುರು ಮಾಡುತ್ತಾನೆ. ನಾನು ಈಗ ಕಿಟಕಿಯ ಕಡೆ ತಿರುಗುವುದಿಲ್ಲ.

ಮಾದರಿಯನ್ನು ಮುಗಿಸಿದ್ದು ಟ್ಯಾಂಕ್ ಹೋದ ವರ್ಷ. ಕಾರ್ಖಾನೆಯಿಂದ ಬಂದಂತೆ ಮಾಡುವುದೋ, ಕಾರವಾರದಲ್ಲಿ ನಿಂತಿದ್ದಂತೆ ಮಾಡುವುದೋ ಎಂದು ಬಹಳ ಯೋಚಿಸಿದ್ದೆ. ಕೊನೆಗೆ ಬೋಲ್ಟುಗಳ ಮೂಲೆಗಳನ್ನೆಲ್ಲ ಉಜ್ಜಿ ದುಂಡಾಗಿಸಿದೆ. ಚಕ್ರಗಳ ಹಿಂದೆ ಕೆಂಪು ಹಸಿರಿನ ಗೆರೆ ಎಳೆದೆ. ನಾಲ್ಕನೆಯ ತೂತನ್ನು ಮುಚ್ಚಲು ಅಪ್ಪನ ಮುಂದೆ ಹಿಡಿದೆ. ಅವನು ದೀಪದ ಬತ್ತಿಯಿಂದ ಒಂದೆಳೆ ಹತ್ತಿ ಬಿಡಿಸಿ, ಬೆಂಕಿಕಡ್ಡಿಯಿಂದ ತುರುಕಿ, ಸಾಸಿವೆಯಷ್ಟು ಮೇಣ ಇಟ್ಟ. ಹೆಬ್ಬೆರಳು ಹಿಡಿಸಲಿಲ್ಲ. ಕಿರುಬೆರಳಿನಿಂದ ಎಳೆದ.

ಕಳೆದ ವರ್ಷ ಮಾದರಿಗಳನ್ನು ಮಾಡುವವರ ಒಂದು ಗುಂಪಿಗೆ ಇದರ ಚಿತ್ರಗಳನ್ನು ಕಳಿಸಿದೆ, ತಳದ್ದೂ ಸೇರಿ. ಯಾರೋ ದೂರದವರು, ಬಹಳ ತಿಳಿದವರು, ಬರೆದರು: ಕೆಲಸ ಅಚ್ಚುಕಟ್ಟಾಗಿದೆ, ಆದರೆ ಎಡಗಡೆ ಹಿಂದಿನ ತೂತು ತಪ್ಪಿಹೋಗಿದೆ, ತೆರೆಯಬೇಕಿತ್ತು, ನಕ್ಷೆ ನೋಡಿ. ಉದ್ದನೆಯ ಉತ್ತರ ಬರೆದು ಅಳಿಸಿದೆ. ಆಮೇಲೆ ಒಂದೇ ಸಾಲು ಬರೆದೆ: ನಾನು ಅಳೆದ ಟ್ಯಾಂಕಿನಲ್ಲಿ ಅದು ಮುಚ್ಚಿತ್ತು, ತೆರೆಯಲು ನೋಡಿದೆವು, ಬರಲಿಲ್ಲ.